ಆ ಅರ್ಜಿಗೆ ಒಂದು ಸಹಿ ಬೇಕಿತ್ತು

ಎಂಟು ಪುಟದ ಪತ್ರ ಅದು. ಬರೆದವರು ಡ್ಯಾನಿಯೆಲ್ ಸಸೂನ್, ಆಗ ಮ್ಯಾನ್‌ಹಾಟನ್‌ನ ಫೆಡರಲ್ ಸರ್ಕಾರಿ ವಕೀಲರ ಕಚೇರಿಯ ಹಂಗಾಮಿ ಮುಖ್ಯಸ್ಥೆ. ಬರೆದದ್ದು ಅಮೆರಿಕದ ಅಟಾರ್ನಿ ಜನರಲ್ ಪ್ಯಾಮ್ ಬಾಂಡಿಗೆ, 2025ರ ಫೆಬ್ರವರಿ 12ರಂದು. ಅದರ ಅಡಿಟಿಪ್ಪಣಿಯೊಂದರಲ್ಲಿ ಒಂದು ಸಣ್ಣ ಸಂಗತಿ ಇದೆ. ಜನವರಿ 31ರ ಮೀಟಿಂಗಿನಲ್ಲಿ ತಮ್ಮ ತಂಡದವರೊಬ್ಬರು ನೋಟ್ಸ್ ಬರೆದುಕೊಳ್ಳುತ್ತಿದ್ದರು, ಅದಕ್ಕೆ ನ್ಯಾಯ ಇಲಾಖೆಯ ಹಿರಿಯ ಅಧಿಕಾರಿ ಎಮಿಲ್ ಬೋವೆ ಗದರಿದರು, ಮೀಟಿಂಗ್ ಮುಗಿದ ಮೇಲೆ ಆ ಹಾಳೆಗಳನ್ನು ವಾಪಸ್ ಪಡೆಯಲು ಹೇಳಿದರು ಅಂತ. ಈ ಪ್ರಕರಣದ ಬಗ್ಗೆ ಎಷ್ಟೋ ಓದಿದೆ, ಮನಸ್ಸಿನಲ್ಲಿ ಉಳಿದದ್ದು ಮಾತ್ರ ಆ ಹಾಳೆಗಳೇ. ವಕೀಲರಾದವರು ಬರೆದುಕೊಳ್ಳದೆ ಇರುತ್ತಾರಾ? ನಮ್ಮ ಕೆಲಸವೇ ಅದು ಅಲ್ವಾ.

ಕೇಸು ನ್ಯೂಯಾರ್ಕ್‌ನ ಆಗಿನ ಮೇಯರ್ ಎರಿಕ್ ಆಡಮ್ಸ್ ಅವರದ್ದು. 2024ರ ಸೆಪ್ಟೆಂಬರ್‌ನಲ್ಲಿ ಅವರ ಮೇಲೆ ಐದು ಆರೋಪ ಹೊರಿಸಿದರು. ಲಂಚ, ವಂಚನೆ, ವಿದೇಶಿಯರಿಂದ ಚುನಾವಣಾ ದೇಣಿಗೆ, ಇಂಥವು. ತುರ್ಕಿಯವರು ನ್ಯೂಯಾರ್ಕಿನಲ್ಲಿ 36 ಮಹಡಿಯ ಕಟ್ಟಡ ಕಟ್ಟಿದ್ದರು, ಅಗ್ನಿಶಾಮಕ ತಪಾಸಣೆ ಮುಗಿಯದೆಯೇ ಅದನ್ನು ತೆರೆಯಲು ಬಿಡಿ ಅಂತ ಆಡಮ್ಸ್ ಒತ್ತಡ ಹಾಕಿದರು, ಬದಲಿಗೆ ವಿಮಾನ ಪ್ರಯಾಣ, ಹೋಟೆಲ್ ಸೌಲಭ್ಯ ಪಡೆದಿದ್ದರು ಅನ್ನುವುದು ಆರೋಪದ ತಿರುಳು. ಆಡಮ್ಸ್ ಎಲ್ಲವನ್ನೂ ಅಲ್ಲಗಳೆದರು. 2025ರ ಏಪ್ರಿಲ್‌ನಲ್ಲಿ ವಿಚಾರಣೆ ಶುರುವಾಗಬೇಕಿತ್ತು.

ಫೆಬ್ರವರಿ 10ಕ್ಕೆ ಬೋವೆ ಅವರಿಂದ ಆದೇಶ ಬಂತು, ಕೇಸು ವಾಪಸ್ ತೆಗೆದುಕೊಳ್ಳಿ ಅಂತ. ಸಾಕ್ಷ್ಯ ಗಟ್ಟಿ ಇದೆಯಾ ಇಲ್ಲವಾ ಅಂತ ನೋಡಿ ಈ ತೀರ್ಮಾನ ಮಾಡಿಲ್ಲ ಎಂದು ಆ ಆದೇಶದಲ್ಲೇ ಬರೆದಿತ್ತು. ಈ ಕೇಸಿನಿಂದಾಗಿ ಮೇಯರ್‌ಗೆ ಅಕ್ರಮ ವಲಸೆ ತಡೆಯುವ ಕೆಲಸಕ್ಕೆ ಪೂರ್ತಿ ಗಮನ ಕೊಡಲು ಆಗುತ್ತಿಲ್ಲ, ಅದು ಅವರು ಕೊಟ್ಟ ಕಾರಣಗಳಲ್ಲಿ ಒಂದು. ಅದರ ಜೊತೆ ಇನ್ನೊಂದು ಮಾತು. ಕೇಸನ್ನು ಪೂರ್ತಿ ಮುಗಿಸಬೇಡಿ, ಬೇಕಾದರೆ ಮತ್ತೆ ಹಾಕಬಹುದಾದ ಹಾಗೆ ವಾಪಸ್ ತೆಗೆದುಕೊಳ್ಳಿ, ನವೆಂಬರ್ ಚುನಾವಣೆ ಆದ ಮೇಲೆ ಇನ್ನೊಮ್ಮೆ ನೋಡೋಣ.

ಕೋರ್ಟಿನಲ್ಲಿ ಒಂದು ದಿನ ಕೂತವರಿಗೂ ಇದರ ಅರ್ಥ ಆಗುತ್ತದೆ. ಫೈಲು ಮುಚ್ಚುವುದಿಲ್ಲ, ಡ್ರಾಯರ್‌ನಲ್ಲಿ ಇಟ್ಟುಕೊಳ್ಳುತ್ತೇವೆ. ನಮಗೆ ಬೇಕಾದ ಹಾಗೆ ನಡೆದುಕೊಂಡರೆ ಡ್ರಾಯರ್ ತೆರೆಯುವುದಿಲ್ಲ.

ಆದರೆ ವಾಪಸ್ ಅರ್ಜಿ ಕೋರ್ಟಿಗೆ ಹೋಗಬೇಕಾದರೆ ಅದರ ಕೆಳಗೆ ಒಬ್ಬ ವಕೀಲರ ಸಹಿ ಬೇಕು. ಸಸೂನ್ ಹಾಕಲಿಲ್ಲ. ಆಕೆ ಸರ್ಕಾರದ ವಿರೋಧಿಯೇನಲ್ಲ, ಅಲ್ಲಿನ ಸುಪ್ರೀಂ ಕೋರ್ಟಿನ ಸಂಪ್ರದಾಯವಾದಿ ನ್ಯಾಯಮೂರ್ತಿ ಸ್ಕಾಲಿಯಾ ಅವರ ಬಳಿ ಕ್ಲರ್ಕ್ ಆಗಿ ಕೆಲಸ ಮಾಡಿದ್ದ, ಬಲಪಂಥದ ವಕೀಲರ ಬಳಗಕ್ಕೆ ಸೇರಿದವರು. ಆಡಮ್ಸ್ ಪರ ವಕೀಲರು ಜನವರಿ 31ರ ಆ ಮೀಟಿಂಗಿನಲ್ಲಿ 'ಇದನ್ನು ಬಿಟ್ಟರೆ ವಲಸೆ ವಿಷಯದಲ್ಲಿ ನೆರವಾಗುತ್ತೇವೆ' ಎಂಬಂಥ ಮಾತನ್ನೇ ಮತ್ತೆ ಮತ್ತೆ ಆಡಿದರು ಎಂದು ಪತ್ರದಲ್ಲಿ ಬರೆದರು. ಆ ವಕೀಲರು ಇದು ಸುಳ್ಳು ಎಂದರು. 13ರಂದು ಸಸೂನ್ ರಾಜೀನಾಮೆ ಕೊಟ್ಟರು. ಕೇಸನ್ನು ವಾಷಿಂಗ್ಟನ್‌ನ ಭ್ರಷ್ಟಾಚಾರ ವಿಭಾಗಕ್ಕೆ ಕಳಿಸಿದರು, ಅಲ್ಲಿನ ಮುಖ್ಯಸ್ಥರೂ ರಾಜೀನಾಮೆ ಕೊಟ್ಟರು. ಮರುದಿನ ಹೇಗನ್ ಸ್ಕಾಟನ್. ಇರಾಕ್‌ನಲ್ಲಿ ಯುದ್ಧ ಮಾಡಿ ಪದಕ ಪಡೆದ ಮಾಜಿ ಸೈನಿಕ, ಈ ಕೇಸನ್ನು ನಡೆಸುತ್ತಿದ್ದ ವಕೀಲ. ಈ ಅರ್ಜಿ ಹಾಕಲು ಒಬ್ಬ ಮೂರ್ಖನೋ ಹೇಡಿಯೋ ನಿಮಗೆ ಸಿಗಬಹುದು, ಅದು ನಾನಂತೂ ಆಗುವುದಿಲ್ಲ ಎಂಬರ್ಥದಲ್ಲಿ ಬರೆದು ಹೊರಟರು.

ಪತ್ರಿಕೆಗಳ ವರದಿ ಪ್ರಕಾರ, ಉಳಿದ ವಕೀಲರನ್ನು ವಿಡಿಯೊ ಮೀಟಿಂಗಿಗೆ ಕರೆದು, ಒಂದು ಗಂಟೆಯೊಳಗೆ ಸಹಿ ಹಾಕುವವರು ಯಾರೆಂದು ಹೇಳಿ ಎಂದರಂತೆ. ಕೊನೆಗೆ ಹಿರಿಯರೊಬ್ಬರು, ಕಿರಿಯರ ಕೆಲಸ ಹೋಗದಿರಲಿ ಅಂತ ತಾವೇ ಮುಂದೆ ಬಂದರಂತೆ. ಇದನ್ನು ಓದಿ ಸುಮಾರು ಹೊತ್ತು ಸುಮ್ನೆ ಕೂತಿದ್ದೆ. ಆ ಹಿರಿಯರನ್ನು ಬೈಯಲು ನನಗೆ ಮನಸ್ಸಾಗುವುದಿಲ್ಲ.

ಯಾಕೆಂದರೆ ಅಂಥ ಮುಖವನ್ನು ನಾನು ನೋಡಿದ್ದೇನೆ. ಜೂನಿಯರ್ ಆಗಿದ್ದ ದಿನಗಳು, ತಾಲೂಕು ಕೋರ್ಟು. ಹೊಡೆದಾಟದ ಕೇಸು, ಆರೋಪಿಗಳಲ್ಲಿ ಊರಿನ ದೊಡ್ಡವರ ಕಡೆಯವರು. ಎಪಿಪಿ, ಅಂದರೆ ಸಹಾಯಕ ಸರ್ಕಾರಿ ವಕೀಲರು, ಎದ್ದು ನಿಂತು ಒಂದೂವರೆ ಪುಟದ ವಾಪಸ್ ಅರ್ಜಿ ಕೊಟ್ಟರು. ಮ್ಯಾಜಿಸ್ಟ್ರೇಟ್ ಓದಿದರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, ಮೆಲ್ಲಗೆ ಕೇಳಿದರು: "ಫೈಲು ಓದಿ ನೀವೇ ತೀರ್ಮಾನ ಮಾಡಿದ್ದಾ, ಇಲ್ಲಾ ಮೇಲಿಂದ ಬಂದದ್ದಾ?" ಎಪಿಪಿ ಕೈಯಲ್ಲಿದ್ದ ಪೆನ್ನಿನ ಕ್ಯಾಪು ತೆಗೆದರು, ಹಾಕಿದರು, ಮತ್ತೆ ತೆಗೆದರು. ಉತ್ತರ ಬರಲಿಲ್ಲ. "ಟೈಮ್ ಕೊಡಿ ಸಾರ್" ಎಂದರು. ಎರಡು ವಾರದ ಡೇಟ್ ಸಿಕ್ಕಿತು. ಆ ಡೇಟಿಗೆ ಬಂದು, ಅರ್ಜಿ ಒತ್ತಾಯಿಸುವುದಿಲ್ಲ ಎಂದು ಮೆಮೊ ಹಾಕಿದರು. ಆ ಎರಡು ವಾರ ಅವರ ಮನೆಯಲ್ಲಿ ಏನೇನು ಮಾತಾಯಿತೋ.

ಅಮೆರಿಕದಲ್ಲೂ ಆ ಪ್ರಶ್ನೆ ಕೇಳಲು ಕಾನೂನಿನಲ್ಲಿ ಜಾಗ ಇದೆ. ಫೆಡರಲ್ ಕ್ರಿಮಿನಲ್ ನಿಯಮಾವಳಿಯ ನಿಯಮ 48(ಎ). ಸರ್ಕಾರ ಕೇಸು ವಾಪಸ್ ಪಡೆಯಬಹುದು, ಆದರೆ 'ಕೋರ್ಟಿನ ಅನುಮತಿಯೊಂದಿಗೆ'. ಅಷ್ಟೇ ಮಾತು. ಆರೋಪಿಗೆ ಕಿರುಕುಳ ಆಗಬಾರದು, ಹಾಕುವುದು ತೆಗೆಯುವುದು ಮತ್ತೆ ಹಾಕುವುದು ಎಂಬ ಆಟ ಆಗಬಾರದು ಅನ್ನುವುದೇ ಇದರ ಮುಖ್ಯ ಉದ್ದೇಶ ಎಂದು 1977ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ರಿನಾಲ್ಡಿ ಪ್ರಕರಣದಲ್ಲಿ ಹೇಳಿದೆ. ಆದರೆ ನಡೆಸಲು ಮನಸ್ಸಿಲ್ಲದ ಸರ್ಕಾರದ ಕೈಯಿಂದ ಕೇಸು ನಡೆಸಿಸಲು ಜಡ್ಜ್‌ಗೆ ಆಗುವುದಿಲ್ಲ, ತಾವೇ ಬೇರೆ ಸರ್ಕಾರಿ ವಕೀಲರನ್ನು ನೇಮಿಸಿ ನಡೆಸಿ ಎನ್ನಲೂ ಆಗುವುದಿಲ್ಲ.

ಜಡ್ಜ್ ಡೇಲ್ ಹೋ ಅವರ ಮುಂದೆ ಇದ್ದದ್ದು ಈ ಬಿಕ್ಕಟ್ಟು. ಸರ್ಕಾರವೂ ವಾಪಸ್ ಎನ್ನುತ್ತಿದೆ, ಆರೋಪಿಯೂ ಹೂಂ ಎನ್ನುತ್ತಿದ್ದಾರೆ, ಬೇಡ ಎನ್ನುವವರೇ ಕೋರ್ಟಿನಲ್ಲಿ ಇಲ್ಲ. ಅವರು ಅವಸರ ಮಾಡಲಿಲ್ಲ. ಫೆಬ್ರವರಿ 19ಕ್ಕೆ ವಕೀಲರನ್ನು ಎದುರು ನಿಲ್ಲಿಸಿ ಪ್ರಶ್ನೆ ಕೇಳಿದರು, ಆಮೇಲೆ ಜಾರ್ಜ್ ಬುಷ್ ಕಾಲದಲ್ಲಿ ಸಾಲಿಸಿಟರ್ ಜನರಲ್ ಆಗಿದ್ದ ಪಾಲ್ ಕ್ಲೆಮೆಂಟ್ ಅವರನ್ನು ಕೋರ್ಟಿಗೆ ಸಲಹೆ ಕೊಡಲು ನೇಮಿಸಿದರು. ಏಪ್ರಿಲ್ 2ಕ್ಕೆ 78 ಪುಟದ ಆದೇಶ ಬಂತು. ಕೇಸು ವಜಾ, ಆದರೆ ಶಾಶ್ವತವಾಗಿ. ಮತ್ತೆ ಹಾಕುವ ಹಾಗಿಲ್ಲ. ಇಲ್ಲಿ ಎಲ್ಲವೂ ಚೌಕಾಸಿಯ ವಾಸನೆ ಹೊಡೆಯುತ್ತಿದೆ ಎಂದು ಬರೆದರು. ಸರ್ಕಾರ ಕೇಳಿದ ಹಾಗೆ ಕೊಟ್ಟರೆ, ಮೇಯರ್ ಸ್ವಾತಂತ್ರ್ಯ ಅವರು ವಲಸೆ ನೀತಿಯನ್ನು ಎಷ್ಟು ಜಾರಿ ಮಾಡುತ್ತಾರೆ ಎಂಬುದರ ಮೇಲೆ ನಿಂತಿದೆ ಎಂದೇ ಜನಕ್ಕೆ ಅನ್ನಿಸುತ್ತದೆ ಎಂದೂ ಹೇಳಿದರು.

ಮೊದಲು ಓದಿದಾಗ ನನಗೆ ಸಿಟ್ಟು ಬಂತು. ಒಂದು ಸಾಕ್ಷಿಯ ವಿಚಾರಣೆಯೂ ಆಗದೆ ಆರೋಪಿ ಮನೆಗೆ ಹೋದರು, ಇದೆಂಥ ನ್ಯಾಯ ಅಂತ. ಈಗ ಹಾಗೆ ಅನ್ನಿಸುವುದಿಲ್ಲ. ಮೇಯರ್ ಒಬ್ಬರು ತಪ್ಪಿಸಿಕೊಂಡರು ಅನ್ನುವುದಕ್ಕಿಂತ, ಎಂಬತ್ತು ಲಕ್ಷಕ್ಕೂ ಜಾಸ್ತಿ ಜನರ ಊರಿನ ಮೇಯರ್‌ನನ್ನು ಡ್ರಾಯರ್‌ನಲ್ಲಿರುವ ಫೈಲು ತೋರಿಸಿ ನಡೆಸುವುದು ದೊಡ್ಡ ಅಪಾಯ. ಜಡ್ಜ್ ಕೈಯಲ್ಲಿ ಇದ್ದದ್ದು ಆ ಡ್ರಾಯರ್‌ನಿಂದ ಫೈಲು ತೆಗೆದುಹಾಕುವುದು ಮಾತ್ರ. ಅದನ್ನು ಮಾಡಿದರು.

ಸಹಿಯ ಪ್ರಶ್ನೆ ಅಲ್ಲಿಗೆ ನಿಲ್ಲಲಿಲ್ಲ. ಅದೇ ವರ್ಷ ವರ್ಜೀನಿಯಾದಲ್ಲಿ ಎಫ್‌ಬಿಐ ಮಾಜಿ ನಿರ್ದೇಶಕ ಕೋಮಿ ಮೇಲೆ ಹಾಕಿದ ಕೇಸಿಗೆ ಸಹಿ ಮಾಡಿದ್ದು ಅಲ್ಲಿ ಸರ್ಕಾರಿ ವಕೀಲರಾಗಿ ನೇಮಕಗೊಂಡಿದ್ದ ಲಿಂಡ್ಸಿ ಹ್ಯಾಲಿಗನ್ ಒಬ್ಬರೇ. ಅವರ ನೇಮಕವೇ ಕಾನೂನುಬದ್ಧವಲ್ಲ ಎಂದು ನವೆಂಬರ್ 24ಕ್ಕೆ ಜಡ್ಜ್ ಕ್ಯಾಮರಾನ್ ಕರ್ರಿ ಕೇಸು ವಜಾ ಮಾಡಿದರು. ಇನ್ನು ಎಮಿಲ್ ಬೋವೆ. ಆಡಮ್ಸ್ ಅರ್ಜಿಯ ಕೆಳಗಿನ ಸಹಿಗಳಲ್ಲಿ ಅವರದ್ದೂ ಇತ್ತು. 2025ರ ಜುಲೈನಲ್ಲಿ ಸೆನೆಟ್ 50–49 ಮತಗಳಿಂದ ಅವರನ್ನು ಫೆಡರಲ್ ಮೇಲ್ಮನವಿ ಕೋರ್ಟಿನ ಜಡ್ಜ್ ಮಾಡಿತು. ಆ ಹುದ್ದೆಗೆ ನಿವೃತ್ತಿ ವಯಸ್ಸಿಲ್ಲ. ಇದು ನನಗೆ ನಿಜಕ್ಕೂ ನೋವು ತಂದಿತು.

ಇಲ್ಲಿ ನಮ್ಮ ಕರ್ನಾಟಕದಲ್ಲೂ ಅದೇ ಹಗ್ಗಜಗ್ಗಾಟ. 2020ರಲ್ಲಿ ಬಿಜೆಪಿ ಸರ್ಕಾರ 61 ಕೇಸು ವಾಪಸ್ ಪಡೆಯಲು ಹೊರಟಿತು, ಹೈಕೋರ್ಟ್ ತಡೆಯಿತು. 2024ರಲ್ಲಿ ಕಾಂಗ್ರೆಸ್ ಸರ್ಕಾರ ಹಳೇ ಹುಬ್ಬಳ್ಳಿ ಗಲಭೆಯದ್ದೂ ಸೇರಿ 43 ಕೇಸು ಬಿಡಲು ಆದೇಶ ಮಾಡಿತು, 2025ರ ಮೇನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಕೇಸು ವಾಪಸ್ ಪಡೆಯುವ ಬಗ್ಗೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದ್ದ 321ನೇ ಕಲಂ ಈಗ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 360. ವಾಪಸ್ ಪಡೆಯುವ ಅಧಿಕಾರ ಇರುವುದು ಸರ್ಕಾರಿ ವಕೀಲರಿಗೆ, ಅದೂ ಕೋರ್ಟಿನ ಒಪ್ಪಿಗೆಯ ಮೇಲೆ. ಹೊಸದಾಗಿ ಸೇರಿದ ಒಂದು ಒಳ್ಳೆಯ ಮಾತೆಂದರೆ, ಏಟು ತಿಂದವರಿಗೂ ಮಾತಾಡಲು ಅವಕಾಶ ಕೊಡದೆ ಕೋರ್ಟ್ ಒಪ್ಪಿಗೆ ಕೊಡುವ ಹಾಗಿಲ್ಲ.

ಅಂಥ ಒಬ್ಬರು ಹೋದ ವಾರ ನಮ್ಮ ಆಫೀಸಿಗೆ ಬಂದಿದ್ದರು. ಜಮೀನಿನ ಜಗಳದಲ್ಲಿ ಏಟು ತಿಂದ ಅಜ್ಜಿ, ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರಲ್ಲಿ ಆಸ್ಪತ್ರೆ ಚೀಟಿಗಳು. "ಸರ್ಕಾರನೇ ಕೇಸು ಬಿಟ್ಬಿಟ್ರೆ ನಾನ್ಯಾರತ್ರ ಹೋಗ್ಲಿ ಸಾರ್" ಎಂದರು. ವಾಪಸ್ ಅರ್ಜಿಯ ನಕಲು ತರಿಸಿಕೊಂಡೆ. ಕೆಳಗೆ ಎಪಿಪಿ ಸಹಿ ಇದೆ, ಕಾರಣ ಎರಡೇ ಸಾಲು. ಸೋಮವಾರ ಡೇಟ್. ಅಜ್ಜಿಯ ಆಕ್ಷೇಪಣೆ ನಾಳೆ ಟೈಪ್ ಮಾಡಿಸಬೇಕು, ಹೆಬ್ಬೆಟ್ಟು ಒತ್ತಿಸಿಕೊಳ್ಳಲು ನಾನೇ ಅವರ ಊರಿಗೆ ಹೋಗುತ್ತೇನೆ.