ಬರೀ ಮರಿಂಬಾ ಕೇಳಿದರೆ ಬೇಜಾರಾಗಲ್ವಾ?

ಮರಿಂಬಾ ಅಂದರೆ ಸಾಲಾಗಿ ಜೋಡಿಸಿದ ಮರದ ಪಟ್ಟಿಗಳನ್ನು ಕೋಲಿನಿಂದ ಹೊಡೆದು ನುಡಿಸುವ ವಾದ್ಯ. ಅದರ ವೃಂದಗಳ ಬಗ್ಗೆ ನಾನು ಮಾತು ಶುರು ಮಾಡಿದರೆ ಸಾಕು, ಎಲ್ಲರೂ ಇದನ್ನೇ ಕೇಳುತ್ತಾರೆ. ನೂರು ಜನ ಒಂದೇ ವಾದ್ಯ ನುಡಿಸಿದರೆ ಏನು ಚಂದ? ಪಿಟೀಲಿಲ್ಲ, ಕೊಳಲಿಲ್ಲ, ಸುಮ್ನೆ ಮರದ ಪಟ್ಟಿಗಳ ಮೇಲೆ ಬಡಿಯೋದು. ಅದರಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಬರುತ್ತದಾ?

ಬರುತ್ತದೆ. ಅದಕ್ಕೇ ಅಷ್ಟು ಜನ ಬೇಕು.

ಮರದ ನಾದ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಪಟ್ಟಿಗೆ ಹೊಡೆದಾಗ ಅದರ ಕೆಳಗಿರುವ ಕೊಳವೆ ಸ್ವರವನ್ನು ತುಂಬಿ ಕೊಡುತ್ತದೆ, ಆದರೂ ಅದು ಬೇಗ ಅಡಗುತ್ತದೆ. ಉದ್ದ ಸ್ವರ ಬೇಕಿದ್ದರೆ ಎರಡೂ ಕೈಯಲ್ಲಿ ಬಿಡದೆ ಹೊಡೆಯುತ್ತಲೇ ಇರಬೇಕು, ಇದಕ್ಕೆ ರೋಲ್ ಎನ್ನುತ್ತಾರೆ. ಒಬ್ಬರೇ ರೋಲ್ ಮಾಡಿದರೆ ಪೆಟ್ಟುಗಳು ಬಿಡಿಬಿಡಿಯಾಗಿ ಕೇಳಿಸುತ್ತವೆ. ನೂರು ಜನ ಮಾಡಿದಾಗ ಯಾರ ಪೆಟ್ಟೂ ಇನ್ನೊಬ್ಬರ ಪೆಟ್ಟಿನ ಜೊತೆ ಕರಾರುವಾಕ್ಕಾಗಿ ಬೀಳುವುದಿಲ್ಲ, ಒಬ್ಬರು ಬಿಟ್ಟ ಸಂದನ್ನು ಇನ್ನೊಬ್ಬರು ತುಂಬುತ್ತಾರೆ, ಕೊನೆಗೆ ಪೆಟ್ಟೇ ಕರಗಿ ಚರ್ಚಿನ ಆರ್ಗನ್ ಥರ ಸ್ವರ ಮಾತ್ರ ಉಳಿಯುತ್ತದೆ. ನಿಧಾನದ ಕೃತಿಗಳಲ್ಲಿ ಇದನ್ನು ಕೇಳಬೇಕು, ಮೈ ಜುಮ್ಮೆನ್ನುತ್ತದೆ.

ಅಮೆರಿಕದ ಮರಿಂಬಾ ವಾದಕ ಕ್ಲೇರ್ ಓಮರ್ ಮಸ್ಸರ್ ಇದನ್ನು ಮಾಡಿ ತೋರಿಸಿದರು. 1933ರ ಶಿಕಾಗೋ ವಿಶ್ವ ಮೇಳದಲ್ಲಿ ನೂರು ಮರಿಂಬಾಗಳನ್ನು ಒಟ್ಟಿಗೆ ನುಡಿಸಿದರು. 1935ರಲ್ಲಿ ಮತ್ತೆ ನೂರು ಜನರ ವೃಂದ ಕಟ್ಟಿಕೊಂಡು ಯುರೋಪಿಗೆ ಹೋಗಿ ಬಂದರು, ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲೂ ನುಡಿಸಿದರು. ಅದಕ್ಕೆಂದೇ ವಾದ್ಯ ತಯಾರಿಸುವ ಡೀಗನ್ ಕಂಪನಿ 'ಕಿಂಗ್ ಜಾರ್ಜ್' ಎಂಬ ಹೊಸ ಮರಿಂಬಾ ಮಾಡಿಕೊಟ್ಟಿತು.

ಜನಪ್ರಿಯ ಹಾಡುಗಳ ವಿಷಯ ಬೇರೆ. ವೇಗದ ಹಾಡಿಗೆ ನೂರು ಕೈ ಜಾಸ್ತಿಯೇ ಆಯಿತು ಅಂತ ನನ್ನ ಅನಿಸಿಕೆ. ನಿಧಾನದಲ್ಲಿ ವರವಾಗಿದ್ದ ಆ ಚೂರು ಹಿಂದುಮುಂದು ಇಲ್ಲಿ ತಾಳವನ್ನೇ ಮಸುಕು ಮಾಡುತ್ತದೆ. ಗ್ವಾಟೆಮಾಲಾದಲ್ಲಿ ಮರಿಂಬಾ ರಾಷ್ಟ್ರೀಯ ವಾದ್ಯ. ಅಲ್ಲಿ ದೊಡ್ಡದಕ್ಕೆ ನಾಲ್ವರು, ಚಿಕ್ಕದಕ್ಕೆ ಮೂವರು ನಿಂತು, ಏಳೇ ಜನ ಕುಣಿಯೋ ಹಾಡುಗಳನ್ನೆಲ್ಲ ನುಡಿಸಿಬಿಡುತ್ತಾರೆ, ಒಂದೊಂದು ಪೆಟ್ಟೂ ಸ್ಪಷ್ಟ. ದೊಡ್ಡ ವೃಂದಕ್ಕೆ ಅಂಥ ಹಾಡು ಒಗ್ಗಬೇಕಾದರೆ ರಾಗವನ್ನು ನಾಲ್ಕೈದು ಜನಕ್ಕೆ ಮಾತ್ರ ಕೊಟ್ಟು, ಉಳಿದವರನ್ನು ಕೆಳಗಿನ ಸ್ವರಗಳಲ್ಲಿ ಮೆತ್ತಗೆ ಇಡಬೇಕು.