ಮೋಯ್ ಅಧಿಕಾರ ಬಿಟ್ಟುಕೊಟ್ಟ ಬಗೆ: ನೈರೋಬಿಯಿಂದ

ನೈರೋಬಿಗೆ ಬಂದು ನೆಲೆಸುವ ನಮ್ಮಂಥವರು ಕೆಲಸದ ಪರವಾನಗಿಗಾಗಿ ಅಲೆಯಬೇಕಾದ ವಲಸೆ ಇಲಾಖೆ ಇರುವುದು ನ್ಯಾಯೋ ಹೌಸ್ ಎಂಬ ಎತ್ತರದ ಸರ್ಕಾರಿ ಕಟ್ಟಡದಲ್ಲಿ. ಅಲ್ಲಿನ ಸರತಿಯಲ್ಲಿ ನಿಂತಿದ್ದಾಗ, ಪಾಸ್‌ಪೋರ್ಟ್ ನವೀಕರಣಕ್ಕೆಂದು ಬಂದಿದ್ದ ಹಿರಿಯರೊಬ್ಬರು ಚಪ್ಪಲಿಯ ತುದಿಯಿಂದ ನೆಲವನ್ನು ತಟ್ಟಿ, "ಇದರ ಕೆಳಗೇ ಇದ್ದವು ಆ ಕೋಣೆಗಳು" ಎಂದರು. 1980ರ ದಶಕದಲ್ಲಿ ಅಧ್ಯಕ್ಷ ಡೇನಿಯಲ್ ಅರಪ್ ಮೋಯ್ ಅವರ ಸರ್ಕಾರವು ತನ್ನ ವಿರೋಧಿಗಳೆಂದು ಶಂಕಿಸಿದವರನ್ನು ಈ ನೆಲಮಾಳಿಗೆಯ ಕತ್ತಲಲ್ಲಿ ಕೂಡಿಹಾಕಿ, ನೀರು ಬಿಟ್ಟ ಕೋಣೆಗಳಲ್ಲಿ ದಿನಗಟ್ಟಲೆ ಇರಿಸಿ ಹಿಂಸಿಸುತ್ತಿತ್ತು. ಅದೇ ಮೋಯ್ 2002ರಲ್ಲಿ ಒಂದು ಗುಂಡೂ ಹಾರದಂತೆ ಅಧಿಕಾರ ಬಿಟ್ಟುಕೊಟ್ಟರೆಂಬುದನ್ನು ಕೆನ್ಯಾದವರು ಇಂದಿಗೂ ಹೆಮ್ಮೆ ಮತ್ತು ಇರಿಸುಮುರಿಸು ಎರಡನ್ನೂ ಬೆರೆಸಿಯೇ ಹೇಳುತ್ತಾರೆ.

ಬಾರಿಂಗೊ ಸೀಮೆಯಲ್ಲಿ ಹುಟ್ಟಿ ಶಾಲಾ ಮಾಸ್ತರರಾಗಿದ್ದ ಮೋಯ್, 1955ರಲ್ಲಿ ವಸಾಹತು ಕಾಲದ ಶಾಸನ ಸಭೆಯನ್ನು ಸೇರಿ, 1967ರಲ್ಲಿ ಉಪಾಧ್ಯಕ್ಷರಾದರು. 1978ರಲ್ಲಿ ದೇಶದ ಮೊದಲ ಅಧ್ಯಕ್ಷ ಜೊಮೊ ಕೆನ್ಯಾಟಾ ತೀರಿಕೊಂಡು ಮೋಯ್ ಆ ಕುರ್ಚಿಗೆ ಬಂದಾಗ, ಈತ ಹೆಚ್ಚು ದಿನ ಬಾಳುವ ಆಳಲ್ಲವೆಂದು ಲೆಕ್ಕಹಾಕಿದವರೇ ಹೆಚ್ಚು. ಮೋಯ್ ಆಳಿದ್ದು 24 ವರ್ಷ. ಶಾಲೆಯ ಮಕ್ಕಳಿಗೆ ಅವರು ಉಚಿತವಾಗಿ ಹಾಲು ಕೊಡಿಸಿದರು. ನಮ್ಮ ಕ್ಷೀರಭಾಗ್ಯಕ್ಕಿಂತ ಮೂರು ದಶಕಗಳಷ್ಟು ಹಿಂದಿನ ಮಾತಿದು, ಇಲ್ಲಿನ ಐವತ್ತು ದಾಟಿದವರು ಆ ಹಾಲಿನ ರುಚಿಯನ್ನು ಇನ್ನೂ ನೆನೆಯುತ್ತಾರೆ. 1982ರಲ್ಲಿ ಸಂವಿಧಾನಕ್ಕೆ ತಿದ್ದುಪಡಿ ತಂದು ದೇಶಕ್ಕೆ ಒಂದೇ ಪಕ್ಷವೆಂದು ಕಾನೂನು ಮಾಡಿದರು. ಅದೇ ಆಗಸ್ಟ್ 1ರಂದು ವಾಯುಪಡೆಯ ಸೈನಿಕರು ದಂಗೆಯೆದ್ದಾಗ ನೈರೋಬಿಯ ಭಾರತೀಯ ಮೂಲದವರ ಅಂಗಡಿಗಳು ಲೂಟಿಯಾದವು. ದಂಗೆ ಅಡಗಿದ ಮೇಲೆ ಹಿಡಿತ ಇನ್ನಷ್ಟು ಬಿಗಿಯಾಯಿತು. 1988ರ ಚುನಾವಣೆಯ ಮೊದಲ ಸುತ್ತಿನಲ್ಲಂತೂ ಗುಪ್ತ ಮತದಾನವನ್ನೇ ಕೈಬಿಟ್ಟು, ಮತದಾರರನ್ನು ತಮ್ಮ ಅಭ್ಯರ್ಥಿಯ ಬೆಂಬಲಿಗರ ಹಿಂದೆ ಬಯಲಲ್ಲಿ ಸಾಲಾಗಿ ನಿಲ್ಲಿಸಿ ತಲೆ ಎಣಿಸಲಾಯಿತು. ಉದ್ದದ ಸಾಲಿನವನು ಸೋತನೆಂದು ಘೋಷಿಸಿದ ಉದಾಹರಣೆಗಳೂ ಉಂಟು.

ಇಂಥವರು ಕುರ್ಚಿ ಬಿಟ್ಟದ್ದು ಅವರ ದೊಡ್ಡಗುಣದಿಂದ ಎಂದು ಅವರ ಅಭಿಮಾನಿಗಳು ಹೇಳುವುದನ್ನು ನಾನು ಪೂರ್ತಿ ಒಪ್ಪಲಾರೆ. 1990ರ ಜುಲೈ 7ರಂದು ಬಹುಪಕ್ಷ ಪದ್ಧತಿ ಬೇಡಿ ಬೀದಿಗಿಳಿದವರು ಪೊಲೀಸರ ಗುಂಡಿಗೆ ಸತ್ತರು, ಮರುವರ್ಷ ವಿದೇಶಿ ನೆರವು ತಡೆಹಿಡಿಯಲ್ಪಟ್ಟಿತು, ಆ ಒತ್ತಡದಲ್ಲಿ ಏಕಪಕ್ಷದ ಕಲಮು ರದ್ದಾಗಿ, ಐದು ವರ್ಷಗಳ ಎರಡೇ ಅವಧಿ ಎಂಬ ಮಿತಿಯೂ ಸಂವಿಧಾನದೊಳಗೆ ಬಂತು. 1992 ಮತ್ತು 1997ರಲ್ಲಿ ವಿರೋಧ ಪಕ್ಷಗಳು ಒಡೆದುಹೋದದ್ದರಿಂದ ಮೋಯ್ ಗೆದ್ದರು. ಆದರೂ 2002ರಲ್ಲಿ ಆ ಮಿತಿಯನ್ನು ಮುರಿಯುವ ದಾರಿ ಹುಡುಕದೆ ಹೋದರಲ್ಲ, ಅಷ್ಟರ ಮಟ್ಟಿನ ಮೆಚ್ಚುಗೆ ಅವರಿಗೆ ಸಲ್ಲಬೇಕು; ಪಕ್ಕದ ಉಗಾಂಡದಲ್ಲಿ ಅಂಥದೇ ಮಿತಿಯನ್ನು 2005ರಲ್ಲಿ ಅಳಿಸಿಹಾಕಲಾಯಿತು.

ಉತ್ತರಾಧಿಕಾರಿಯೆಂದು ಮೋಯ್ ಆರಿಸಿದ, ಜೊಮೊ ಅವರ ಮಗ ಉಹುರು ಕೆನ್ಯಾಟಾ ಸೋತು, ಸೋಲನ್ನು ಒಪ್ಪಿಕೊಂಡರು. ಒಂದು ಕಾಲಕ್ಕೆ ಮೋಯ್ ಅವರ ಉಪಾಧ್ಯಕ್ಷರೇ ಆಗಿದ್ದ ಮ್ವಾಯ್ ಕಿಬಾಕಿ ಗೆದ್ದರು. ಡಿಸೆಂಬರ್ 30ರಂದು ಉಹುರು ಪಾರ್ಕ್‌ನಲ್ಲಿ ಲಕ್ಷಾಂತರ ಜನ ಸೇರಿದ್ದರು. ರಸ್ತೆ ಅಪಘಾತದಿಂದ ಜರ್ಜರಿತರಾಗಿದ್ದ ಕಿಬಾಕಿ ಗಾಲಿಕುರ್ಚಿಯಲ್ಲಿ ಕೂತೇ ಪ್ರಮಾಣವಚನ ಸ್ವೀಕರಿಸಿದರು. ಜನ ಮೋಯ್ ಅವರತ್ತ ಕೆಸರು ಎಸೆದರು, ಅಣಕಿಸಿ ಹಾಡಿದರು. ವರ್ಷಗಳ ದುರಾಡಳಿತದಿಂದ ಹಾಳಾದ ದೇಶ ತಮ್ಮ ಕೈಗೆ ಬಂದಿದೆಯೆಂದು ಕಿಬಾಕಿ ಮೋಯ್ ಎದುರಲ್ಲೇ ಹೇಳಿದರು. ಅಷ್ಟನ್ನೂ ಮೋಯ್ ಕೂತು ಕೇಳಿಸಿಕೊಂಡರು. ಕಬರಾಕ್‌ನ ಮನೆಗೆ ಮರಳಿದ ಅವರು 2020ರಲ್ಲಿ ತೀರಿಕೊಂಡಾಗ ಸರ್ಕಾರಿ ಗೌರವದಿಂದಲೇ ಅಂತ್ಯಕ್ರಿಯೆ ನಡೆಯಿತು.

ಸರಿಯಾಗಿ ಐದು ವರ್ಷಗಳ ಬಳಿಕ, 2007ರ ಡಿಸೆಂಬರ್ 30ರ ಮುಸ್ಸಂಜೆ, ವಿವಾದಾಸ್ಪದ ಫಲಿತಾಂಶ ಪ್ರಕಟವಾದ ಬೆನ್ನಲ್ಲೇ ಇದೇ ಕಿಬಾಕಿ ಅಧ್ಯಕ್ಷರ ಅಧಿಕೃತ ನಿವಾಸವಾದ ಸ್ಟೇಟ್ ಹೌಸ್‌ನಲ್ಲಿ ಅವಸರದಿಂದ ಎರಡನೆಯ ಬಾರಿ ಪ್ರಮಾಣ ಸ್ವೀಕರಿಸಿದರು, ಮತ್ತು ಆ ಬಳಿಕದ ವಾರಗಳಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಮೋಯ್ ಬಗ್ಗೆ ಇಲ್ಲಿನ ಹಿರಿಯರ ದನಿ ಮೆದುವಾದದ್ದು ಬಹುಶಃ ಆಮೇಲೆಯೇ. ನ್ಯಾಯೋ ಹೌಸ್‌ನಲ್ಲಿ ನರಳಿ ಬದುಕುಳಿದವರು ಪರಿಹಾರಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದಾರೆ. ಅವರಿಂದ ಆ ಮೆದು ದನಿಯನ್ನು ಯಾರೂ ನಿರೀಕ್ಷಿಸಲಾಗದು.