ಪಾಪುವಿನ ಬಟ್ಟೆ, ನಮ್ಮ ಬೋರ್ ನೀರು

14 ನವೆಂಬರ್ 2025, ಶುಕ್ರವಾರ

"ಬಟ್ಟೆಗೆ ಘಮಘಮ ಅನ್ನೋ ಲಿಕ್ವಿಡ್ ಏನಾದ್ರೂ ಹಾಕ್ತೀರಾ?" ಪಾಪುವಿನ ಕೆಂಪಾದ ಕುಂಡೆ ನೋಡಿ ಡಾಕ್ಟರಮ್ಮ ಕೇಳಿದ್ದು ಇಷ್ಟೇ. ಫ್ಯಾಬ್ರಿಕ್ ಸಾಫ್ಟನರ್ ಹಾಕದಿದ್ದರೆ ಬಟ್ಟೆ ಹಪ್ಪಳ ಆಗುತ್ತೆ ಮೇಡಂ ಅಂದೆ. ಮಗುವಿನದಕ್ಕೆ ಬೇಡ ಅಂದರು.

ಮನೆಗೆ ಬಂದು ಹೇಳಿದ್ದೇ ತಡ, ಅಮ್ಮನಿಗೆ ಎಂಥಾ ಗೆಲುವು! "ನಾ ಬಂದ ದಿನವೇ ಹೇಳಿದ್ನಲ್ಲೇ? ಅದು ಮೆತ್ತಗೆ ಮಾಡೂದಲ್ಲ, ಜಿಡ್ಡು ಹಚ್ಚೂದು." ಸುಳ್ಳೇನಲ್ಲ. ಅದರಲ್ಲಿರುವ ರಾಸಾಯನಿಕ ನೂಲಿನ ಮೇಲೆ ತೆಳ್ಳಗೆ ಕೂರುತ್ತದೆ, ಅದಕ್ಕೇ ಕೈಗೆ ನುಣುಪು. ಅದೇ ಕಾರಣಕ್ಕೆ ಟವೆಲ್ಲು ನೀರು ಹೀರುವುದೂ ಕಡಿಮೆಯಾಗುತ್ತದೆ. ಒದ್ದೆ ಹೀರದ ಲಂಗೋಟಿ ಯಾರಿಗೆ ಬೇಕು?

ಹಾಗಂತ ತಪ್ಪೆಲ್ಲ ಬಾಟಲಿಯದಲ್ಲ. ಅಮ್ಮನ ಊರು ತೀರ್ಥಹಳ್ಳಿಯ ಬಾವಿ ನೀರಲ್ಲಿ ಸೋಪು ಎಷ್ಟು ತೊಳೆದರೂ ಜಾರುತ್ತಲೇ ಇರುತ್ತದೆ. ಇಲ್ಲಿ ನೊರೆ ಬರಿಸುವುದೇ ಕಷ್ಟ. ಬೋರ್ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಮಡ್ಡಿಯಾಗಿ ನೂಲಿಗೆ ಅಂಟುತ್ತದೆ. ಬಕೆಟ್ಟಿನ ಒಳಗೆ ಸುತ್ತಲೂ ಬೆಳ್ಳಗೆ ಗೆರೆ ಕಟ್ಟಿರುತ್ತಲ್ಲ, ಅದೇ ಮಡ್ಡಿ.

ಅಮ್ಮ ಮೈಸೂರು ಸಿಲ್ಕ್ ಸೀರೆಗೆಂದು ತಂದಿಟ್ಟಿದ್ದ ಅಂಟುವಾಳದ ಚೀಲ ಹೊರಗೆ ಬಂತು. ಒಂದೊಂದೇ ಕಾಯಿ ಗುಂಡುಕಲ್ಲಲ್ಲಿ ಕುಟ್ಟಿ, ಕಪ್ಪು ಬೀಜ ತೆಗೆದು, ಸಿಪ್ಪೆಯನ್ನು ಬಿಸಿನೀರಲ್ಲಿ ನೆನೆಹಾಕಿದಳು. ಸಂಜೆ ಹಿಚುಕಿದಾಗ ಕಂದು ನೀರು, ಮೇಲೆ ಸಣ್ಣ ಸಣ್ಣ ನೊರೆ, ಒಂಥರಾ ಹುಳಿವಾಸನೆ. ಹಳೇ ಪಂಚೆಯಲ್ಲಿ ಸೋಸಿದಳು. "ಕಣ್ಣಿಗೆ ಹಾರೀತು, ದೂರ ಕೂತ್ಕೊ." ಗಡಸು ನೀರಲ್ಲೂ ಇದು ಸೋಪಿನ ಹಾಗೆ ಮಡ್ಡಿ ಕಟ್ಟುವುದಿಲ್ಲ.

ನನ್ನ ಪಾಲಿಗೆ ಬಿಳಿ ವಿನೆಗರ್. ದೊಡ್ಡವರ ಬಟ್ಟೆಗೆ, ಕೊನೆಯ ಸಲ ಜಾಲಾಡಿಸುವ ಬಕೆಟ್ಟಿಗೆ ಒಂದಿಷ್ಟು. ಉಳಿದ ಕ್ಷಾರ ಹೋಗುತ್ತದೆ, ಒಣಗಿದ ಮೇಲೆ ವಾಸನೆಯೂ ಇರುವುದಿಲ್ಲ. "ಉಪ್ಪಿನಕಾಯಿ ಭರಣಿಗೆ ಬಟ್ಟೆ ಅದ್ದಿದ ಹಾಗಾಯ್ತು" ಅಂತ ಅಮ್ಮ ಮೂಗು ಮುಚ್ಚಿಕೊಂಡಳು. ಮೆಷಿನ್ನಿಗೆ ದಿನಾ ಸುರಿಯುವುದಿಲ್ಲ, ರಬ್ಬರು ಹಾಳಾಗುತ್ತದೆ. ಬ್ಲೀಚ್ ಜೊತೆಗಂತೂ ಯಾವತ್ತೂ ಬೇಡ, ಕ್ಲೋರಿನ್ ಅನಿಲ ಏಳುತ್ತದೆ. ಫ್ಯಾಮಿಲಿ ಗ್ರೂಪಿನಲ್ಲಿ ಓಡಾಡುತ್ತಿರುವ ವಿನೆಗರ್-ಅಡುಗೆ ಸೋಡಾ ಮಿಶ್ರಣ ಬುಸ್ಸೆಂದು ಉಕ್ಕುವುದಕ್ಕಷ್ಟೇ ಚೆಂದ. ಒಂದರ ಗುಣವನ್ನು ಇನ್ನೊಂದು ಕೊಂದು, ಉಳಿಯುವುದು ಒಂದು ಬಗೆಯ ಉಪ್ಪು ಬೆರೆತ ನೀರಷ್ಟೇ.

ಇಷ್ಟೆಲ್ಲ ಆಗಿ ಬಾಲ್ಕನಿಗೆ ಹೋದರೆ, ನನ್ನ ಕಾಟನ್ ಸೀರೆಗೆ ಅಮ್ಮ ಗಂಜಿ ಹಾಕಿ ಹರವಿದ್ದಾಳೆ! ನಿಲ್ಲಿಸಿದರೆ ತಾನಾಗಿಯೇ ನಿಲ್ಲುವಷ್ಟು ಗರಿಗರಿ. "ಸೀರೆ ಹಾಗೇ ಇರ್ಬೇಕು" ಅಂತೆ.

ಲಂಗೋಟಿ ಹಿಂಡಿ, ಪಟಪಟ ಕೊಡವಿ ಹರವುತ್ತಾ, "ಭಾನುವಾರ ಹೊರಡ್ತೆ, ಬಸ್ಸಿಗೆ ಬುಕ್ ಮಾಡ್ಸು" ಅಂದಳು. ತಂಗಿ ಸುಮಿ ಒಳಗೆ ಹೋದಳು. ಅಡಿಕೆ ಕೊಯ್ಲು ಶುರುವಾಗಿದೆ, ಅಪ್ಪ ಅಲ್ಲಿ ಒಬ್ಬರೇ. ಇರು ಅನ್ನುವುದು ಹೇಗೆ? ಸುಮಿಯ ಮುಖ ನೋಡಿದರೆ ಹೋಗು ಅನ್ನುವುದೂ ಆಗುವುದಿಲ್ಲ. ಅಂಟುವಾಳ ಎಷ್ಟು ನೆನೆಸಬೇಕು ಅಂತ ಬರೆದಿಟ್ಟುಕೋ ಅಂದಳು ಅಮ್ಮ, ಬರೆದುಕೊಂಡಿಲ್ಲ. ಬಸ್ ಬುಕ್ ಮಾಡಿಲ್ಲ. ನಾಳೆ ಅಪ್ಪನಿಗೊಂದು ಫೋನ್ ಮಾಡಿ, ಇನ್ನೊಂದು ವಾರ ಹೇಗಾದರೂ ಸುಧಾರಿಸಿಕೊಳ್ಳಿ ಅನ್ನಬೇಕು.